ಆತಕೂರಿನ ಕಾಳಿ, ಮುಧೋಳದ ಬೇಟೆನಾಯಿ ಮತ್ತು ನಮ್ಮ ಫ್ಲ್ಯಾಟಿನ ಪುಂಡ

‘ನಾಯಿಗೆ ಕೆಲಸವಿಲ್ಲ, ಕೂರಲು ಪುರುಸೊತ್ತಿಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ಊರೂರು ಅಲೆಯುವ ಹುಡುಗರನ್ನು ಕುರಿತು ಆಡುತ್ತಿದ್ದರು. ಮಾತು ಮನುಷ್ಯರ ಮೇಲಿನದಾದರೂ ನಾಯಿಯ ವಿಷಯದಲ್ಲಿ ಅದು ಅಕ್ಷರಶಃ ನಿಜ. ಒಂದೇ ಒಂದು ತಿದ್ದುಪಡಿ ಬೇಕು. ಎರಡು ತುಂಡುಗಳ ನಡುವೆ ‘ಆದುದರಿಂದ’ ಎಂಬ ಪದವನ್ನು ಸೇರಿಸಿ ಓದಬೇಕು. ಕೆಲಸವಿಲ್ಲ, ಆದುದರಿಂದ ಕೂರಲು ಪುರುಸೊತ್ತಿಲ್ಲ.

ಎರ್ನಾಕುಲಂ ಮತ್ತು ತಿರುವನಂತಪುರಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ನಾಯಿ ಸಾಕುವವರು ಕಡಮೆಯೇನಿಲ್ಲ. ಊರಿನ ಅಭಿಮಾನದಿಂದ ಮುಧೋಳದ ಮರಿಯನ್ನೇ ತರಿಸಿಕೊಂಡವರೂ ಇದ್ದಾರೆ. ಮರಿ ಬಂದ ಹೊಸತರಲ್ಲಿ ಮನೆಯೆಲ್ಲ ಹಬ್ಬ. ಆರು ತಿಂಗಳು ಕಳೆಯುವಷ್ಟರಲ್ಲಿ ಸೋಫಾದ ಹತ್ತಿ ಹೊರಗೆ ಬಂದಿರುತ್ತದೆ, ಮಕ್ಕಳ ಚಪ್ಪಲಿಗಳಲ್ಲಿ ಒಂದೊಂದೇ ಉಳಿದಿರುತ್ತದೆ, ಕೆಳಗಿನ ಮನೆಯವರಿಂದ ದೂರು ಬಂದಿರುತ್ತದೆ. ಮುಂದಿನದು ಬಾಲ್ಕನಿಯ ಸರಪಳಿ. ಅದಕ್ಕೂ ಮುಂದಿನದನ್ನು ಹೇಳಲು ನಾಲಗೆ ಬರುವುದಿಲ್ಲ. ರಾತ್ರಿ ವೇಳೆ ಕಾರಿನಲ್ಲಿ ಒಯ್ದು ಬೈಪಾಸಿನ ಬದಿಯಲ್ಲಿ ಇಳಿಸಿ ಬರುವವರಿದ್ದಾರೆ. ಕೊರಳಲ್ಲಿ ಪಟ್ಟಿಯಿರುವ ಬಡಕಲು ಜಾತಿನಾಯಿಗಳನ್ನು ರಸ್ತೆಯಲ್ಲಿ ಕಂಡ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಂಥ ನಾಯಿಗೆ ‘ಹುಚ್ಚುಚಪಲ’, ‘ತಲೆಹರಟೆ’ ಎಂದು ಹೆಸರಿಡುವ ಮೊದಲು ಅದರ ವಂಶಚರಿತ್ರೆಯನ್ನು ಸ್ವಲ್ಪ ನೋಡುವುದು ಒಳ್ಳೆಯದು. ಕನ್ನಡಿಗರಾದ ನಮಗೆ ಆ ಚರಿತ್ರೆ ಕಲ್ಲಿನ ಮೇಲೆಯೇ ಬರೆದಿಟ್ಟಿದೆ.

ಕ್ರಿ.ಶ. 949ರಲ್ಲಿ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧವಾಯಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಅವನ ಭಾವ, ಗಂಗರ ಇಮ್ಮಡಿ ಬೂತುಗ ಕಾದಿದನು. ಚೋಳ ರಾಜಕುಮಾರ ರಾಜಾದಿತ್ಯ ಆ ಯುದ್ಧದಲ್ಲಿ ಮಡಿದನು. ಬೂತುಗನ ಕೈಕೆಳಗೆ ಮಣಲೇರ ಎಂಬ ವೀರನಿದ್ದನು. ಯುದ್ಧದಲ್ಲಿ ಅವನು ತೋರಿದ ಶೌರ್ಯವನ್ನು ಮೆಚ್ಚಿದ ಕೃಷ್ಣ, ‘ಬೇಕಾದುದನ್ನು ಬೇಡಿಕೋ’ ಎಂದನು. ಬನವಾಸಿ ಪನ್ನಿರ್ಚ್ಛಾಸಿರದಂಥ ಸೀಮೆಗಳು ಬೂತುಗನಿಗೆ ಉಂಬಳಿಯಾಗಿ ಹೋಗುತ್ತಿದ್ದ ಹೊತ್ತು ಅದು. ಮಣಲೇರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಚಕ್ರವರ್ತಿಯ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯನ್ನು. ಚಕ್ರವರ್ತಿ ಕೊಟ್ಟನು.

ಕಾಳಿಯನ್ನು ಕರೆತಂದ ಮಣಲೇರ ಅದನ್ನು ಅರಮನೆಯ ಅಂಗಳದಲ್ಲಿ ಶೋಭೆಗೆ ಕಟ್ಟಿಹಾಕಲಿಲ್ಲ. ಬೆಳತೂರಿನ ಪಡುವಲ ದಿಕ್ಕಿನ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಅದನ್ನು ಬಿಟ್ಟರು. ಹಂದಿಯೂ ನಾಯಿಯೂ ಕಾದಾಡಿ ಒಟ್ಟಿಗೇ ಸತ್ತವು. ಆಗ ಆತಕೂರಿನ ಚೆಲ್ಲೇಶ್ವರ ಗುಡಿಯ ಮುಂದೆ ಕಾಳಿಗಾಗಿ ಒಂದು ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಕೆರೆಯ ಕೆಳಗೆ ಎರಡು ಖಂಡುಗದ ಗದ್ದೆಯನ್ನು ಬಿಟ್ಟರು. ಆ ಗುಡಿಯನ್ನು ನೋಡಿಕೊಳ್ಳುವ ಗೊರವನು ಈ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಗುಲುವುದೆಂದು ಶಾಸನದಲ್ಲಿ ಶಾಪವನ್ನೂ ಬರೆಸಿದರು. ಮನುಷ್ಯವೀರರಿಗೆ ಸಲ್ಲುವ ಮರ್ಯಾದೆಯಲ್ಲಿ ಒಂದಂಶವೂ ಕಡಮೆಯಾಗಲಿಲ್ಲ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಆ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ಚರಿತ್ರೆಯ ವಿದ್ವಾಂಸರು ಇದನ್ನು ತಕ್ಕೋಲದ ಯುದ್ಧಕ್ಕೆ ಸಾಕ್ಷಿಯೆಂದು ಓದುತ್ತಾರೆ. ನಾಯಿ ಸಾಕಿದವರು ಬೇರೆ ರೀತಿ ಓದಬಹುದು.

‘ನಾಯಿ ಮಾಡಿದ ಪಾಪ’ ಎಂಬ ಮಾತು ಕುತೂಹಲಕರವಾಗಿದೆ. ಕಾಳಿ ಜೀವಮಾನವೆಲ್ಲ ಕೊಂದದ್ದೇ ಕೊಂದದ್ದು. ಅದನ್ನು ಶಾಸನ ಬರೆಸಿದವರು ಮರೆಮಾಡಿಲ್ಲ. ಕೊಲ್ಲುವುದು ಅದರ ಉದ್ಯೋಗ. ಪಾಪವೂ ಅದರದೇ, ಪೂಜೆಯೂ ಅದರದೇ. ನಾಯಿಯನ್ನು ನಾಯಿಯಾಗಿಯೇ ಕಂಡ ದೃಷ್ಟಿ ಇದು. ಇಂದು ನಾವು ನಾಯಿಗೆ ಹುಟ್ಟುಹಬ್ಬ ಮಾಡಿ ಕೇಕು ಕತ್ತರಿಸುತ್ತೇವೆ, ಆದರೆ ಅದು ಬೆಕ್ಕಿನ ಹಿಂದೆ ಓಡಿದರೆ ಅವಮಾನಪಡುತ್ತೇವೆ.

ಆ ಶಾಸನದ ಗೊರವ ಶೈವ ಪೂಜಾರಿ. ಆ ಹೆಸರನ್ನು ಇಂದಿಗೂ ಹೊತ್ತವರು ಮೈಲಾರಲಿಂಗನ ಭಕ್ತರಾದ ಗೊರವಯ್ಯನವರು. ಕಂಬಳಿಯ ಅಂಗಿ ತೊಟ್ಟು, ಡಮರುಗ ಹಿಡಿದು ಬರುವ ಅವರು ಮೈಲಾರನ ನಾಯಿಗಳೆಂದು ತಮ್ಮನ್ನು ಕರೆದುಕೊಂಡು, ದೋಣಿಯಲ್ಲಿಟ್ಟ ಪ್ರಸಾದವನ್ನು ನಾಯಿಗಳಂತೆ ಬೊಗಳುತ್ತ, ಒಬ್ಬರಿಂದೊಬ್ಬರು ಕಿತ್ತುಕೊಳ್ಳುತ್ತ ತಿನ್ನುವ ದೋಣಿಸೇವೆಯನ್ನು ಬಳ್ಳಾರಿ, ಹಾವೇರಿ ಕಡೆಯ ವಾಚಕರು ಬಾಲ್ಯದಲ್ಲಿ ನೋಡಿಯೇ ಇರುತ್ತಾರೆ. ವಿಷಯಾಂತರವಾಯಿತು.

ಕಾಳಿಯ ಕಾಲಕ್ಕೆ ಸುಮಾರು ನೂರ ಎಂಬತ್ತು ವರ್ಷಗಳ ಅನಂತರ, ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಅರಸನಿಗೆ ತಿಳಿದಿರಬೇಕಾದ ನೂರು ವಿಷಯಗಳ ಆ ವಿಶ್ವಕೋಶದಲ್ಲಿ, ಆನೆ ಕುದುರೆಗಳ ವಿನೋದಗಳ ಸಾಲಿನಲ್ಲಿಯೇ ‘ಸಾರಮೇಯ ವಿನೋದ’ ಎಂಬ ಅಧ್ಯಾಯವಿದೆ. ಸಾರಮೇಯವೆಂದರೆ ನಾಯಿ. ನಾಯಿಯನ್ನು ಬೆಳೆಸುವುದು ಅರಸನೊಬ್ಬ ಕುಳಿತು ಬರೆಯುವಷ್ಟು ಗಂಭೀರ ವಿದ್ಯೆಯಾಗಿತ್ತೆಂಬುದಕ್ಕೆ ಇದು ಸಾಕು.

ಅರಸರ ಮಾತು ಹಾಗಿರಲಿ. ಮಲೆನಾಡಿನ ಹೊಲೆಮಾದಿಗರ ಗುಡಿಸಲಿನಿಂದ ಗೌಡರ ಚಾವಡಿಯವರೆಗೆ ನಾಯಿಗೆ ಒಂದು ಉದ್ಯೋಗವಿತ್ತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಗುತ್ತಿಗೆ ನಾಯಿಗುತ್ತಿ ಎಂಬ ಹೆಸರೇ ಬಂದದ್ದು ಅವನ ನಾಯಿ ಹುಲಿಯನಿಂದ. ತುಂಗೆಯ ಹುಚ್ಚುಹೊಳೆಯಲ್ಲಿ ಹುಲಿಯ ಕೊಚ್ಚಿಹೋಗುವ ಭಾಗವನ್ನು ಓದಿ ಕಣ್ಣೊರಸಿಕೊಳ್ಳದವರು ಯಾರು? ಕಾರಂತರ ಚೋಮನ ಬಳಿಯಲ್ಲಿ ಬಾಡು ಇದೆ. ತೇಜಸ್ವಿಯವರ ‘ಕರ್ವಾಲೊ’ (1980) ಬಳಗದಲ್ಲಿ ಕಿವಿ ಇದೆ. ಈ ನಾಯಿಗಳಲ್ಲಿ ಯಾವುದಕ್ಕೂ ‘ತರಬೇತಿ’ ಎಂಬ ಪದ ಗೊತ್ತಿರಲಿಲ್ಲ. ಬೆಳಗಾದರೆ ಒಡೆಯನ ಹಿಂದೆ ಕಾಡು, ಗದ್ದೆ, ಹಕ್ಕಲು ತಿರುಗುವುದು. ರಾತ್ರಿ ಅಂಗಳದಲ್ಲಿ ಕಾವಲು. ಸಂಜೆಗೆ ಅವು ಜಗುಲಿಯ ಕೆಳಗೆ ಸತ್ತಂತೆ ಮಲಗುತ್ತಿದ್ದವು. ಅವುಗಳನ್ನು ಸುಮ್ಮನಿರಿಸಿದ್ದು ದಿನದ ದಣಿವು.

ಈಗ ಮುಧೋಳಕ್ಕೆ ಬರೋಣ. ಇಂದಿನ ಬಾಗಲಕೋಟೆ ಜಿಲ್ಲೆಯ ಈ ಊರು ಕವಿಚಕ್ರವರ್ತಿ ರನ್ನನ ಹುಟ್ಟೂರು. ರನ್ನ ಹುಟ್ಟಿದ್ದು 949ರ ಸೌಮ್ಯ ಸಂವತ್ಸರದಲ್ಲಿ. ಕಾಳಿಯ ಕಲ್ಲಿನ ಮೇಲಿರುವುದೂ ಅದೇ ಸೌಮ್ಯ ಸಂವತ್ಸರ! ಕಾಕತಾಳೀಯವೇ ಹೌದು, ಆದರೂ ಸವಿಯಾಗಿದೆ.

ಮುಧೋಳ, ಜಮಖಂಡಿ, ಬೀಳಗಿ ಸೀಮೆಯ ಬಯಲಿನಲ್ಲಿ ಬೇಡರು ತೆಳುಮೈಯ, ಉದ್ದಗಾಲಿನ, ಕಿರಿದಾದ ತಲೆಯ ನಾಯಿಗಳನ್ನು ಬೇಟೆಗೆಂದು ಸಾಕುತ್ತಿದ್ದರು. ಇದೇ ಮುಧೋಳ ಸಂಸ್ಥಾನದ ಹಲಗಲಿಯ ಬೇಡರೇ 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಇಂಗ್ಲಿಷರ ಆಜ್ಞೆಯನ್ನು ಧಿಕ್ಕರಿಸಿ ಹೋರಾಡಿ ಸತ್ತದ್ದು. ಆಯುಧ ಹೋಯಿತು, ನಾಯಿ ಉಳಿಯಿತು. ಮೊಲವನ್ನು ಅಟ್ಟಿ ಹಿಡಿಯಲು ಬಯಲಿನಲ್ಲಿ ಇದಕ್ಕಿಂತ ಬೇರೆ ಸಾಧನ ಬೇಕಿರಲಿಲ್ಲ. 1900ರಿಂದ 1937ರವರೆಗೆ ಆಳಿದ ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ನಾಯಿಗಳ ಗುಣವನ್ನು ಗುರುತಿಸಿ, ಆಯ್ದು ತಳಿ ಬೆಳೆಸಿದರು. ಅವರು ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರೆಂದೂ, ‘ಮುಧೋಳ ಹೌಂಡ್’ ಎಂಬ ಹೆಸರು ಅಲ್ಲಿಂದ ಹರಡಿತೆಂದೂ ಮುಧೋಳದವರು ಹೆಮ್ಮೆಯಿಂದ ಹೇಳುತ್ತಾರೆ. ಮಹಾರಾಷ್ಟ್ರದಲ್ಲಿ ಇದರ ಬಂಧುಗಳಿಗೆ ಕಾರವಾನಿ ಎಂದು ಹೆಸರು.

ಗಮನಿಸಬೇಕಾದ ಅಂಶವೊಂದಿದೆ. ಇದು ಮೂಸಿ ಹುಡುಕುವ ನಾಯಿಗಿಂತ ಹೆಚ್ಚಾಗಿ ನೋಡಿ ಅಟ್ಟುವ ನಾಯಿ. ದೂರದಲ್ಲಿ ಒಂದು ಹುಲ್ಲು ಅಲುಗಿದರೆ ಸಾಕು, ಕಣ್ಣು ಅಲ್ಲಿಗೆ ನೆಡುತ್ತದೆ. ಮರುಕ್ಷಣ ದೇಹ ಬಿಲ್ಲಿನಿಂದ ಬಿಟ್ಟ ಬಾಣ. ಆ ಓಟ ಮುಗಿದ ಮೇಲೆ ಗಂಟೆಗಟ್ಟಲೆ ಮಲಗುತ್ತದೆ. ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ, ಎಲ್ಲವೂ ಓಟಕ್ಕೆಂದೇ ಇರುವಂಥವು. ಜೋಳದ ನುಚ್ಚು, ರೊಟ್ಟಿ, ಹಾಲು ಉಂಡು ಬೆಳೆದ ನಾಯಿ. ಅಪರಿಚಿತರು ಮೈಮುಟ್ಟಿದರೆ ಅದಕ್ಕೆ ಹಿಡಿಸುವುದಿಲ್ಲ. ಬಾಗಲಕೋಟೆ ಕಡೆ ವರ್ಷಕ್ಕೆ ಆರುನೂರು ಮಿಲಿಮೀಟರಿನ ಒಳಗೆ ಮಳೆ. ನಮ್ಮ ಎರ್ನಾಕುಲಂನಲ್ಲಿ ಮೂರು ಸಾವಿರ. ಇಂಥ ನಾಯಿಯನ್ನು ತಂದು ಜೂನ್ ತಿಂಗಳಿನಲ್ಲಿ ಕಡವಂತ್ರದ ಎರಡು ಕೋಣೆಯ ಮನೆಯಲ್ಲಿಟ್ಟರೆ ಅದು ಪರದೆಯನ್ನು ಹರಿಯದೆ ಇನ್ನೇನು ಮಾಡೀತು?

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ಕ್ರಮೇಣ ಮುಚ್ಚಿಹೋಯಿತು. ಅದು ಆಗಲೇಬೇಕಾದ ಕೆಲಸ. ಮೊಲಕ್ಕೂ ಜಿಂಕೆಗೂ ಬದುಕುವ ಹಕ್ಕುಂಟು. ಆದರೆ ಸಾವಿರ ವರ್ಷಗಳ ಒಂದು ಉದ್ಯೋಗಸ್ಥ ಕುಲ ಅಂದಿನಿಂದ ನಿರುದ್ಯೋಗಿಯಾಯಿತೆಂಬುದೂ ನಿಜ. ಮುಧೋಳದ ನಾಯಿಗೆ ಮತ್ತೆ ಮರ್ಯಾದೆ ಬಂದದ್ದು ನಿಧಾನವಾಗಿ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶೀ ತಳಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಇದೂ ಒಂದಾಗಿತ್ತು. 2009ರ ಸುಮಾರಿಗೆ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಆರಂಭವಾಯಿತು. 2016ರಲ್ಲಿ ಸೇನೆ ಅಲ್ಲಿಂದ ಮರಿಗಳನ್ನು ಮೀರತ್ತಿನ ತನ್ನ ಪಶುವೈದ್ಯ ದಳದ ಕೇಂದ್ರಕ್ಕೆ ಒಯ್ದು ತರಬೇತಿ ಕೊಟ್ಟಿತು. ಅದುವರೆಗೆ ಸೇನೆಯಲ್ಲಿ ಕೆಲಸ ಮಾಡುತ್ತಿದ್ದುದು ಹೆಚ್ಚಾಗಿ ವಿದೇಶೀ ತಳಿಗಳೇ. 2020ರ ಆಗಸ್ಟ್ 30ರಂದು ಪ್ರಧಾನಿಯವರು ಬಾನುಲಿ ಭಾಷಣದಲ್ಲಿ ದೇಶೀ ನಾಯಿಗಳನ್ನು ಸಾಕಿರೆಂದು ಹೇಳುತ್ತ ಮುಧೋಳದ ಹೆಸರೆತ್ತಿದರು. ಮರಿಗಳಿಗೆ ಬೇಡಿಕೆ ಏರಿತು. ಈ ಬೇಡಿಕೆಯಲ್ಲಿ ಒಳಿತೂ ಇದೆ, ಅಪಾಯವೂ ಇದೆ.

ಲೇಖಕನಿಗೆ ಹೆಚ್ಚು ಸಂತೋಷ ಕೊಟ್ಟ ಸುದ್ದಿ 2021ರದು. ವಾಯುಪಡೆಯ ಆಗ್ರಾ ನಿಲ್ದಾಣಕ್ಕೆ ತಿಮ್ಮಾಪುರದಿಂದ ಮರಿಗಳು ಹೋದವು. ವಿಮಾನ ಓಡುವ ಹಾದಿಯಿಂದ ಹಕ್ಕಿಗಳನ್ನೂ ಪ್ರಾಣಿಗಳನ್ನೂ ಅಟ್ಟುವುದು ಅವುಗಳ ಕೆಲಸ. ಉದ್ದನೆಯ ಬಯಲು, ದೂರದಲ್ಲಿ ಅಲುಗುವ ಹಕ್ಕಿ, ಓಡು ಎಂಬ ಆಜ್ಞೆ! ನಾಯಿಯ ಗುಣವನ್ನು ತಿದ್ದುವ ಗೋಜಿಗೆ ಹೋಗದೆ ಆ ಗುಣಕ್ಕೆ ತಕ್ಕ ಉದ್ಯೋಗವನ್ನೇ ಹುಡುಕಿಕೊಟ್ಟರು.

ಹೊರನಾಡುಗಳಲ್ಲಿಯೂ ಕಥೆ ಇದೇ. ಬೆಲ್ಜಿಯಂ ದೇಶದ ಗೆಂಟ್ ನಗರದ ಪೊಲೀಸರು 1899ರಲ್ಲಿ ಕುರಿಕಾಯುವ ನಾಯಿಗಳನ್ನು ರಾತ್ರಿ ಪಹರೆಗೆ ಸೇರಿಸಿಕೊಂಡರು. ಅಲ್ಲಿನ ಮಾಲಿನ್ವಾ ತಳಿ ಇಂದು ಜಗತ್ತಿನ ಪೊಲೀಸ್ ಇಲಾಖೆಗಳಲ್ಲೆಲ್ಲ ಹರಡಿದೆ. ಅಷ್ಟೇ ಚುರುಕಿನ, ಅಷ್ಟೇ ತಾಳ್ಮೆ ಕೆಡಿಸುವ ನಾಯಿ ಇನ್ನೊಂದಿಲ್ಲವೆಂದು ಬಲ್ಲವರು ಹೇಳುತ್ತಾರೆ. 1910ರಲ್ಲಿ ಜರ್ಮನಿಯ ಕಾನ್ರಾಡ್ ಮೋಸ್ಟ್ ಬರೆದ ನಾಯಿ ತರಬೇತಿಯ ಪುಸ್ತಕ ದಂಡಪ್ರಧಾನವಾದುದು, ಸೈನ್ಯದವನಲ್ಲವೇ! ನಾಲ್ಕು ದಶಕಗಳ ಮೇಲೆ, 1951ರಲ್ಲಿ, ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪ್ರಾಣಿಗಳಿಗೆ ಕಲಿಸುವ ಬಗೆಯನ್ನು ಕುರಿತು ಒಂದು ಲೇಖನ ಬರೆದು, ಹೊಡೆಯದೆ ಬಡಿಯದೆ, ಪ್ರಾಣಿ ಸರಿಯಾದುದನ್ನು ಮಾಡಿದ ಆ ಕ್ಷಣದಲ್ಲಿ ‘ಟಿಕ್’ ಎಂದು ಒಂದು ಸದ್ದು ಮಾಡಿ, ಕೂಡಲೇ ತಿಂಡಿ ಕೊಡುವ ಕ್ರಮವನ್ನು ಮನೆಮನೆಗೆ ತಿಳಿಸಿದನು. ಇಂದಿನ ಒಳ್ಳೆಯ ತರಬೇತುದಾರರೆಲ್ಲ ಹೆಚ್ಚುಕಡಮೆ ಈ ದಾರಿಯವರೇ.

ನಿಜವಾಗಿಯೂ ರೋಗವೆನ್ನಬಹುದಾದ ಅತಿಚಟುವಟಿಕೆ ನಾಯಿಗಳಲ್ಲಿ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ಬಲು ಅಪರೂಪ. 1970ರ ದಶಕದಲ್ಲಿ ಒಹಾಯೋ ರಾಜ್ಯ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಕಾರ್ಸನ್ ಅಂಥ ಕೆಲವು ನಾಯಿಗಳನ್ನು ಪರೀಕ್ಷಿಸಿ, ಬೇರೆ ನಾಯಿಗಳನ್ನು ಕೆರಳಿಸುವ ಔಷಧಿಯೇ ಇವುಗಳನ್ನು ಶಾಂತಗೊಳಿಸುವುದನ್ನು ಕಂಡನು. ಅಂಥದ್ದೆಂಬ ಅನುಮಾನ ಬಂದರೆ ಪಶುವೈದ್ಯರಿಗೇ ತೋರಿಸಬೇಕು. ಅಂಗಡಿಯ ಔಷಧಿ ಸಲ್ಲದು. ಉಳಿದ ಬಹುಪಾಲು ‘ಹುಚ್ಚುಚಪಲ’ ನಾಯಿಗಳ ಕಾಯಿಲೆಯ ಹೆಸರು ನಿರುದ್ಯೋಗ.

ಇದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ ಕೇರಳ ಪೊಲೀಸರದು. ಇಲ್ಲಿನ ಶ್ವಾನದಳ 1959ರಷ್ಟು ಹಿಂದಿನದು. 2020ರಲ್ಲಿ ಬೆಲ್ಜಿಯನ್ ಮಾಲಿನ್ವಾ ಮರಿಗಳನ್ನು ತಂದು ತ್ರಿಶೂರಿನ ಪೊಲೀಸ್ ಅಕಾಡೆಮಿಯಲ್ಲಿ ಕೆಲವಕ್ಕೆ ಮಣ್ಣಿನಡಿಯ ಮೃತದೇಹಗಳನ್ನು ಮೂಸಿ ಕಂಡುಹಿಡಿಯುವ ವಿದ್ಯೆಯನ್ನು ಕಲಿಸತೊಡಗಿದರು. ಮಾಯಾ ಎಂಬ ಹೆಣ್ಣುನಾಯಿಯ ಪಾಠ ಇನ್ನೂ ಪೂರ್ತಿಯಾಗಿರಲಿಲ್ಲ. ಆ ವರ್ಷ ಆಗಸ್ಟ್ 6ರ ರಾತ್ರಿ ಮುನ್ನಾರಿನ ಬಳಿ ಪೆಟ್ಟಿಮುಡಿಯ ಚಹಾತೋಟದ ಲಾಯಗಳ ಮೇಲೆ ಗುಡ್ಡ ಕುಸಿಯಿತು. ಎಪ್ಪತ್ತು ಜನ ಹೋದರು. ಮಳೆ, ಕೆಸರು, ಬಂಡೆಗಳ ನಡುವೆ ಎಲ್ಲಿ ಅಗೆಯಬೇಕೆಂದು ತಿಳಿಯದೆ ನಿಂತವರಿಗೆ ಮಾಯಾ ಎಂಟು ದೇಹಗಳ ಜಾಗವನ್ನು ತೋರಿಸಿಕೊಟ್ಟಿತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಅದಕ್ಕಿಂತ ದೊಡ್ಡ ದುರಂತವಾದಾಗಲೂ ಮಾಯಾ ಮತ್ತು ಅದರ ಜೊತೆಗಾರ ಮರ್ಫಿ ಅಲ್ಲಿದ್ದವು. ಅಲ್ಲಿ ತೀರಿಹೋದವರಲ್ಲಿ ಚಾಮರಾಜನಗರ, ಮಂಡ್ಯ ಕಡೆಯ ನಮ್ಮವರೂ ಇದ್ದರು.

ಫ್ಲ್ಯಾಟಿನಲ್ಲಿ ಬಿಟ್ಟಿದ್ದರೆ ಇದೇ ಮಾಯಾ ಎರಡು ವಾರದಲ್ಲಿ ಬಾಗಿಲನ್ನು ಕೊರೆಯುತ್ತಿತ್ತು. ಇಂಥ ನಾಯಿಗಳಿಗೆ ಪಾಠ ಹೇಳುವ ಗುಟ್ಟು ಬಹಳ ಸರಳ. ಹುಡುಕಿದ್ದು ಸಿಕ್ಕಿತೇ? ಕೂಡಲೇ ಒಡೆಯನೊಂದಿಗೆ ಚೆಂಡಿನಾಟ. ನಮಗೆ ಭಯಂಕರವಾದ ಕೆಲಸ, ಅದಕ್ಕೆ ಆಟ.

ಪೆಟ್ಟಿಮುಡಿಯಲ್ಲಿ ಇನ್ನೊಂದು ನಾಯಿಯಿತ್ತು. ಯಾವ ಜಾತಿಯೂ ಇಲ್ಲದ, ಯಾವ ಶಾಲೆಗೂ ಹೋಗದ ಕುವಿ. ತನ್ನೊಡನೆ ಆಡುತ್ತಿದ್ದ ಎರಡು ವರ್ಷದ ಮಗುವನ್ನು ಅದು ದಿನಗಟ್ಟಲೆ ಹುಡುಕಿ, ಕೊನೆಗೆ ಹೊಳೆಯ ಬಳಿ ನಿಂತು ಬೊಗಳಿ ಜನರನ್ನು ಕರೆದು ಆ ಪುಟ್ಟ ದೇಹವನ್ನು ತೋರಿಸಿತು. ಪೊಲೀಸ್ ಶ್ವಾನದಳದವರು ಅದನ್ನು ಕೆಲಕಾಲ ಸಾಕಿ, ಅನಂತರ ಮಗುವಿನ ಅಜ್ಜಿಗೆ ಒಪ್ಪಿಸಿದರು. ತರಬೇತಿಯ ವಿಷಯ ಬರೆಯುವಾಗ ಇದನ್ನು ಬಿಟ್ಟರೆ ಅನ್ಯಾಯವಾದೀತು.

ಇನ್ನು ನಮ್ಮ ಮನೆಯ ಪುಂಡನ ಮಾತು. ಮೊಟ್ಟಮೊದಲು ಓಟ. ಬಿಸಿಲೇರುವ ಮುನ್ನ, ಐದೂವರೆ ಆರರ ಹೊತ್ತಿಗೆ, ಮತ್ತೆ ಸಂಜೆ, ಪ್ರತಿಸಲವೂ ಅರ್ಧ ಗಂಟೆಯಾದರೂ ಹೊರಗೆ ಕರೆದೊಯ್ಯಬೇಕು. ‘ಕೆಳಗೆ ಹೋಗಿ ಬಂದೆವು’ ಎಂದರೆ ಅದು ಶೌಚಕ್ಕಾಯಿತೇ ಹೊರತು ಓಟಕ್ಕಲ್ಲ. ಪನಂಪಿಳ್ಳಿ ನಗರದ ಕಾಲುಹಾದಿಯಂಥ ಕಡೆ ಉದ್ದನೆಯ ಹಗ್ಗ ಹಾಕಿ ನಡೆಸಬಹುದು. ಮುಧೋಳದಂಥ ನೋಡಿ ಅಟ್ಟುವ ನಾಯಿಯನ್ನು ಮಾತ್ರ ರಸ್ತೆಯ ಬಳಿ ಹಗ್ಗ ಬಿಚ್ಚಿ ಬಿಡಲೇಬಾರದು. ಎದುರಿನ ಬದಿಯಲ್ಲಿ ಬೆಕ್ಕು ಕಂಡರೆ ನಡುವಿನ ಬಸ್ಸು ಅದರ ಕಣ್ಣಿಗೆ ಬೀಳುವುದಿಲ್ಲ. ಸುತ್ತುಗೋಡೆಯಿರುವ ಮೈದಾನ ವಾರಕ್ಕೆ ಎರಡು ಸಲ ದೊರೆತರೂ ಪುಣ್ಯ.

ಓಟವೊಂದರಿಂದಲೇ ಕೆಲಸ ಮುಗಿಯುವುದಿಲ್ಲ. ಬರಿಯ ಓಟ ಕೊಟ್ಟರೆ ನಾಳೆ ಇನ್ನೂ ಹೆಚ್ಚು ಓಡಬಲ್ಲ ಜಟ್ಟಿ ತಯಾರಾಗುತ್ತಾನೆ, ಅಷ್ಟೇ. ತಲೆಗೂ ಕೆಲಸ ಬೇಕು. ಮಳೆಗಾಲದ ನಾಲ್ಕು ತಿಂಗಳು ನಮ್ಮ ಊರಿನಲ್ಲಿ ಇದೇ ಗತಿ. ಅದರ ಊಟವನ್ನು ತಟ್ಟೆಯಲ್ಲಿ ಸುರಿದುಕೊಡುವ ಬದಲು ಹಳೆಯ ಟವೆಲಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಅಡಗಿಸಿ, ಕುರ್ಚಿಯ ಹಿಂದೆ ಇಟ್ಟು ‘ಹುಡುಕು’ ಎನ್ನಿ. ಹದಿನೈದು ನಿಮಿಷ ಮೂಗು ದುಡಿದರೆ ನಾಯಿ ದಣಿಯುತ್ತದೆ. ಮಕ್ಕಳಿಗೆ ಇದು ಕಣ್ಣಾಮುಚ್ಚಾಲೆಯಷ್ಟೇ ಮೋಜು. ಚಪಾತಿ ತುಂಡು, ಬೇಯಿಸಿದ ಕೋಳಿ, ಸಸ್ಯಾಹಾರಿಗಳ ಮನೆಯಲ್ಲಿ ಪನೀರು, ಯಾವುದಾದರೂ ಆದೀತು. ದ್ರಾಕ್ಷಿ, ಚಾಕೊಲೇಟು, ಈರುಳ್ಳಿ ನಾಯಿಗೆ ವಿಷ, ನೆನಪಿರಲಿ.

ಪಾಠ ಐದು ನಿಮಿಷಕ್ಕಿಂತ ಹೆಚ್ಚು ಬೇಡ. ದಿನಕ್ಕೆ ಮೂರು ನಾಲ್ಕು ಸಲ ಸಾಕು. ಇಲ್ಲಿ ನಮ್ಮಂಥ ಹೊರನಾಡಿನವರ ಮನೆಗಳಲ್ಲಿ ಒಂದು ವಿಶೇಷ ತೊಂದರೆಯಿದೆ. ಅಜ್ಜಿ ‘ಕೂತ್ಕೋ’ ಎನ್ನುತ್ತಾರೆ, ಮಕ್ಕಳು ‘ಸಿಟ್’ ಎನ್ನುತ್ತಾರೆ, ಕೆಲಸಕ್ಕೆ ಬರುವ ಚೇಚಿ ‘ಇರಿಕ್ಕ್’ ಎನ್ನುತ್ತಾರೆ. ಯಾವ ಭಾಷೆಯಾದರೂ ಸರಿ, ಮನೆಯವರೆಲ್ಲ ಒಂದೇ ಪದವನ್ನು ಹಿಡಿಯಬೇಕು. ಕನ್ನಡವಾದರೆ ನಮ್ಮ ಸಂಘಕ್ಕೆ ಒಬ್ಬ ಸದಸ್ಯ ಹೆಚ್ಚಿದಂತೆ.

ಮೈಮೇಲೆ ಹಾರುವ ನಾಯಿಯನ್ನು ಕೈಯಿಂದ ನೂಕಿದರೆ, ‘ಬೇಡ ಬೇಡ’ ಎಂದು ಕಿರುಚಿದರೆ, ಅದು ಆಟವೆಂದೇ ತಿಳಿಯುತ್ತದೆ. ಬೆನ್ನು ತಿರುಗಿಸಿ ಕಲ್ಲಿನಂತೆ ನಿಲ್ಲಿ. ನಾಲ್ಕು ಕಾಲೂ ನೆಲ ಮುಟ್ಟಿದ ಕ್ಷಣದಲ್ಲಿ ಮಾತನಾಡಿಸಿ. ಕರೆಗಂಟೆ ಬಾರಿಸಿದಾಗ ಹೋಗಿ ಕೂರಲು ಒಂದು ಚಾಪೆಯನ್ನು ಗೊತ್ತುಮಾಡಿ. ಅಲ್ಲಿ ಮಲಗಿದಾಗೆಲ್ಲ ಸದ್ದಿಲ್ಲದೆ ಒಂದು ತುಣುಕು ತಿಂಡಿ ಇಟ್ಟು ಬನ್ನಿ. ಸಾಮಾನ್ಯವಾಗಿ ನಾವು ಮಾಡುವುದು ಇದಕ್ಕೆ ವಿರುದ್ಧ. ಸುಮ್ಮನೆ ಮಲಗಿದ ನಾಯಿಯ ಕಡೆ ತಿರುಗಿಯೂ ನೋಡುವುದಿಲ್ಲ. ಚಪ್ಪಲಿ ಕಚ್ಚಿಕೊಂಡು ಓಡಿದರೆ ಮನೆಯ ಐದು ಜನರೂ ಅದರ ಹಿಂದೆ! ಇದಕ್ಕಿಂತ ದೊಡ್ಡ ಬಹುಮಾನ ಅದಕ್ಕೆ ಬೇಕೇ?

ಮರಿಗೆ ನಿದ್ದೆಯೂ ಬೇಕು. ದಿನದ ಹದಿನೆಂಟು ಗಂಟೆಯಷ್ಟು ಮಲಗುವ ವಯಸ್ಸಿನಲ್ಲಿ ಮಕ್ಕಳು ಅದನ್ನು ಎಬ್ಬಿಸಿ ಎಬ್ಬಿಸಿ ಆಡಿಸಿದರೆ ಸಂಜೆಗೆ ಅದು ಕಚ್ಚುತ್ತದೆ. ಹಟಮಾರಿ ಕೂಸಿನ ಹಾಗೆಯೇ. ಮಳೆಗಾಲದಲ್ಲಿ ನಿಂತ ನೀರಿನಲ್ಲಿ ಇಲಿಜ್ವರದ ಭಯವಿರುವುದರಿಂದ ಅದರ ಲಸಿಕೆಯನ್ನೂ, ಹುಚ್ಚುನಾಯಿ ರೋಗದ ಲಸಿಕೆಯನ್ನೂ ತಪ್ಪಿಸಬಾರದು.

ಸರಪಳಿಯ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂಬುದು ಬಹು ಮಂದಿಗೆ ತಿಳಿಯದು. ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಹಟತೊಟ್ಟು ಹೋರಾಡಿದ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಬಂತು. ಅದರ 11ನೆಯ ಪ್ರಕರಣದಲ್ಲಿ, ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದಿರುವುದೂ ಹಿಂಸೆಯೆಂದು ಸ್ಪಷ್ಟವಾಗಿ ಎಣಿಸಿದ್ದಾರೆ. ಹೊಡೆಯಬೇಕಾಗಿಲ್ಲ, ಓಡಿಸದಿದ್ದರೂ ಅಪರಾಧ! ನಾಟ್ಯಕಲೆಗೆ ಮರ್ಯಾದೆ ತಂದುಕೊಟ್ಟ ಆ ಮಹಿಳೆಯೇ ಮುಂದೆ ಪ್ರಾಣಿ ಕಲ್ಯಾಣ ಮಂಡಲಿಯ ಮೊದಲ ಅಧ್ಯಕ್ಷೆಯೂ ಆದರು.

ಎರಡನೆಯ ಪ್ರಶ್ನೆ ಫ್ಲ್ಯಾಟ್ ಸಂಘದವರದು. 2021ರ ಜೂನಿನಲ್ಲಿ ತಿರುವನಂತಪುರದ ಅಡಿಮಲತ್ತುರ ಕಡಲತೀರದಲ್ಲಿ ಬ್ರೂನೋ ಎಂಬ ಲ್ಯಾಬ್ರಡಾರ್ ನಾಯಿಯನ್ನು ಹೊಡೆದು ಕೊಂದ ಸುದ್ದಿಯನ್ನು ಓದಿ, ನಮ್ಮ ಎರ್ನಾಕುಲಂನ ಹೈಕೋರ್ಟು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡು ಅದಕ್ಕೆ ಆ ನಾಯಿಯ ಹೆಸರನ್ನೇ ಇಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ಮನೆಯಲ್ಲಿ ಪ್ರಾಣಿ ಸಾಕಬಾರದೆಂದು ವಸತಿ ಸಂಘ ಮಾಡಿದ ಸಾರಾಸಗಟು ನಿಷೇಧ ಸಲ್ಲದೆಂದು ತೀರ್ಪಿತ್ತಿತು. ಹಾಗೆಂದು ನೆರೆಯವರ ನಿದ್ದೆ ಕೆಡಿಸುವ ಹಕ್ಕು ನಮಗೆ ಬಂದಿತೆಂದಲ್ಲ. ಅವರ ನೆಮ್ಮದಿಗೆ ಭಂಗ ಬಾರದಂತೆ ಸಾಕುವ ಹೊಣೆ ಸಾಕುವವರದೇ. ನಗರಸಭೆಯ ಪರವಾನಗಿ ಪಡೆದು, ಲಸಿಕೆಯ ಚೀಟಿಯ ನಕಲನ್ನು ಸಂಘದ ಕಾರ್ಯದರ್ಶಿಗೆ ಮುಂಚಿತವಾಗಿ ಕೊಟ್ಟಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಉಳಿದರ್ಧವನ್ನು ಬೆಳಗಿನ ಆರು ಗಂಟೆಯ ಓಟ ನೋಡಿಕೊಳ್ಳುತ್ತದೆ. ಆ ಹೊತ್ತಿಗೆ ಏಳಲು ಮನೆಯಲ್ಲಿ ಯಾರು ಒಪ್ಪುತ್ತಾರೆಂಬುದನ್ನು ಮರಿ ತರುವ ಮೊದಲೇ, ಎಲ್ಲರೂ ಕುಳಿತು, ಹೆಸರು ಹಿಡಿದು ಗೊತ್ತುಮಾಡಿಕೊಳ್ಳಿ. ಯಾರೂ ಒಪ್ಪದಿದ್ದರೆ ಮುಧೋಳದ ಮರಿ ಮುಧೋಳದಲ್ಲಿಯೇ ಇರಲಿ.